ಕೋಚ್ ಬಾಬಿ ಬೌಡನ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಸತೀಶ,

ಆಟದ ಮೈದಾನದಲ್ಲಿ ದೇವರ ಮಾತು ಯಾಕೆ ಬೇಕು ಅಂತ ಫೋನಿನಲ್ಲಿ ಕೇಳಿದೆಯಲ್ಲ, ಆಗಿನಿಂದ ನನಗೆ ಬಾಬಿ ಬೌಡನ್ ನೆನಪಾಗುತ್ತಿದ್ದಾರೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್, ದೈವಭಕ್ತ ಕ್ರೈಸ್ತ. ನಾವು ಆಡುತ್ತಿದ್ದ ಫುಟ್‌ಬಾಲ್ ಅಲ್ಲ ಕಣೋ, ಹೆಲ್ಮೆಟ್ ಹಾಕಿಕೊಂಡು ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರಲ್ಲ, ಅದು.

1929ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದರು. ಹದಿಮೂರನೇ ವಯಸ್ಸಿಗೆ ರುಮ್ಯಾಟಿಕ್ ಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಮಲಗಿದಲ್ಲೇ ರೇಡಿಯೋದಲ್ಲಿ ಫುಟ್‌ಬಾಲ್ ಕಾಮೆಂಟರಿ ಕೇಳುತ್ತಿದ್ದ ಹುಡುಗ ಮುಂದೆ 377 ಪಂದ್ಯ ಗೆದ್ದ ಕೋಚ್ ಆದ. 1976ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದಾಗ ಅಲ್ಲಿನ ತಂಡ ಹಿಂದಿನ ಮೂರು ವರ್ಷದಲ್ಲಿ ಗೆದ್ದಿದ್ದು ಬರೀ ನಾಲ್ಕು ಪಂದ್ಯ! 1993 ಮತ್ತು 1999ರಲ್ಲಿ ಅದೇ ತಂಡ ರಾಷ್ಟ್ರ ಚಾಂಪಿಯನ್.

1986ರಲ್ಲಿ ಅವರ ಆಟಗಾರ ಪಾಬ್ಲೊ ಲೋಪೆಜ್ ಗುಂಡೇಟಿಗೆ ಬಲಿಯಾದ. ಹುಡುಗರನ್ನೆಲ್ಲ ಕೂರಿಸಿಕೊಂಡು ಬೌಡನ್ ಪಾಬ್ಲೊನ ಖಾಲಿ ಕುರ್ಚಿ ತೋರಿಸಿದರು. ಅವನ ಜಾಗದಲ್ಲಿ ನೀವಿದ್ದಿದ್ದರೆ ಸತ್ತ ಮೇಲೆ ಈಗ ಎಲ್ಲಿರುತ್ತಿದ್ದಿರಿ ಎಂದು ಕೇಳಿದರು. ಮಾರ್ಕ್ ರಿಕ್ಟ್ ಎಂಬ ಚಿಕ್ಕ ವಯಸ್ಸಿನ ಸಹಾಯಕ ಕೋಚ್ ಅದನ್ನು ಕೇಳಿ ಅವರ ಆಫೀಸಿಗೇ ಹೋಗಿ ಕ್ರಿಸ್ತನನ್ನು ನಂಬಿದರು. ಮುಂದೆ ಅವರೂ ದೊಡ್ಡ ಕೋಚ್ ಆದರು.

ಇಲ್ಲಿ ನಿನ್ನ ಮಾತನ್ನು ನಾನು ಒಪ್ಪುತ್ತೇನೆ. ಅದು ಸರ್ಕಾರಿ ವಿಶ್ವವಿದ್ಯಾಲಯ. ಬೇರೆ ಧರ್ಮದ ಹುಡುಗನೋ, ದೇವರನ್ನೇ ನಂಬದವನೋ ಅಲ್ಲಿ ಕೂತಿದ್ದರೆ? ಆಡಿಸುವುದು, ಬಿಡುವುದು ಕೋಚ್ ಕೈಯಲ್ಲೇ ಇರುವಾಗ ಅವನು ಬಾಯಿ ಬಿಡುತ್ತಾನಾ?

ಆದರೂ ಅವರ ಭಕ್ತಿಯನ್ನು ನಾನು ಅಳೆಯುವುದು ಬೇರೆ ಕಡೆ. 1970ರ ನವೆಂಬರ್ 14ರಂದು ವೆಸ್ಟ್ ವರ್ಜೀನಿಯಾ ರಾಜ್ಯದ ಮಾರ್ಷಲ್ ವಿಶ್ವವಿದ್ಯಾಲಯದ ತಂಡ ಬರುತ್ತಿದ್ದ ವಿಮಾನ ಬಿದ್ದು 75 ಜನ ಸತ್ತರು. ಆಟಗಾರರು, ಕೋಚ್‌ಗಳು, ಊರಿನ ಅಭಿಮಾನಿಗಳು. ಬೌಡನ್ ಆಗ ಅದೇ ರಾಜ್ಯದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡದ ಕೋಚ್. ಮಾರ್ಷಲ್‌ನ ಹೊಸ ಕೋಚ್ ಜಾಕ್ ಲೆಂಗ್ಯೆಲ್ ಕೈಯಲ್ಲಿ ಇದ್ದವರು ಹೆಚ್ಚಾಗಿ ಎಳೆ ಹುಡುಗರು. ಲೆಂಗ್ಯೆಲ್ ಅವರಿಗೆ ಬೌಡನ್ ತಮ್ಮ ಪ್ಲೇಬುಕ್, ಪಂದ್ಯಗಳ ಫಿಲ್ಮು ಎಲ್ಲ ತೆರೆದಿಟ್ಟು 'ವೀರ್' ಎಂಬ ಆಟದ ಪಟ್ಟು ಕಲಿಸಿಕೊಟ್ಟರು. ಪ್ಲೇಬುಕ್ ಅಂದರೆ ಆಟದ ತಂತ್ರಗಳನ್ನು ಬರೆದಿಟ್ಟ ಪುಸ್ತಕ, ಕೋಚ್‌ನ ಗುಟ್ಟಿನ ಗಂಟು ಮಾರಾಯ, ಯಾರೂ ಸುಮ್ನೆ ಹೊರಗಿನವರಿಗೆ ತೋರಿಸಲ್ಲ.

1971ರ ಸೆಪ್ಟೆಂಬರ್‌ನಲ್ಲಿ ಆ ಹುಡುಗರು ತಮ್ಮ ಊರಿನಲ್ಲಿ ಝೇವಿಯರ್ ತಂಡವನ್ನು 15–13ರಿಂದ ಸೋಲಿಸಿದರು. ಗೆದ್ದಿದ್ದು ಕೊನೆಯ ಎಸೆತದಲ್ಲಿ!

ನಿನಗೆ ಏನನ್ನಿಸಿತು, ಬರಿ.

ನಿನ್ನ,
ಮಂಜು