ಭಾನುವಾರ ಸಭೆ: ತ್ಯಾಜ್ಯದ ಕೇಸು, ಕೋರ್ಟ್ ಖರ್ಚು

ಎಲ್ಲರಿಗೂ ನಮಸ್ಕಾರ.

ಇದೇ ಭಾನುವಾರ ಬೆಳಿಗ್ಗೆ 11ಕ್ಕೆ ತಾರಿಹಾಳದ ನಮ್ಮ ಶೆಡ್ಡಿನಲ್ಲಿ ಸೇರೋಣ. ಪ್ಲೇಟಿಂಗ್, ಪೇಂಟಿಂಗ್, ಗ್ಯಾರೇಜು ನಡೆಸುವವರು ತಪ್ಪದೆ ಬನ್ನಿ. ಗೋಕುಲ ರೋಡಿನವರೂ ಅಷ್ಟೇ.

ಅಪಾಯಕಾರಿ ತ್ಯಾಜ್ಯದ ಕೇಸು ಬಿದ್ದರೆ ಸಣ್ಣ ದಂಡ ಕಟ್ಟಿ ಮುಗಿಸಬಹುದು ಅಂತ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ರಾಜಸ್ಥಾನದ ಬಿಛ್ರಿ ಹಳ್ಳಿಯ ಪ್ರಕರಣ ನೋಡಿ. ರಾಸಾಯನಿಕ ಕಾರ್ಖಾನೆಗಳ ತ್ಯಾಜ್ಯದಿಂದ ಹಾಳಾದ ಮಣ್ಣು, ನೀರು ಸರಿಪಡಿಸುವ ಖರ್ಚು ಕಾರ್ಖಾನೆಯವರದೇ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತು. ಅವರು ಅರ್ಜಿ ಮೇಲೆ ಅರ್ಜಿ ಹಾಕಿ ವರ್ಷಗಟ್ಟಲೆ ಎಳೆದರು. ಕೊನೆಗೆ 2011ರಲ್ಲಿ ₹37.385 ಕೋಟಿ, ಅದಕ್ಕೆ ಶೇ 12ರ ಚಕ್ರಬಡ್ಡಿ, ಮೇಲೆ ಕೋರ್ಟ್ ಖರ್ಚು ಅಂತ ₹10 ಲಕ್ಷ ಬಿತ್ತು! ಅಮೆರಿಕದಲ್ಲಂತೂ 1980ರ ಸೂಪರ್‌ಫಂಡ್ ಕಾಯ್ದೆಯಡಿ (ವಿಷತ್ಯಾಜ್ಯದಿಂದ ಕೆಟ್ಟ ಜಾಗ ಶುಚಿ ಮಾಡಿಸುವ ಕಾನೂನು) ಸರ್ಕಾರ ತನ್ನ ವಕೀಲರ ಖರ್ಚನ್ನೂ ವಸೂಲಿ ಮಾಡಿದ್ದುಂಟು. ನನಗೆ ಇದು ನ್ಯಾಯವೇ ಅನ್ನಿಸುತ್ತದೆ. ಒಬ್ಬರು ಕೆಡಿಸಿದ್ದಕ್ಕೆ ಜನರ ತೆರಿಗೆ ದುಡ್ಡು ಯಾಕೆ ಹೋಗಬೇಕು, ಅಲ್ವಾ?

ಬರುವಾಗ ತ್ಯಾಜ್ಯದ ರಿಜಿಸ್ಟರ್, ಸಾಗಣೆಯ ಮ್ಯಾನಿಫೆಸ್ಟ್ (ತ್ಯಾಜ್ಯ ಕಳಿಸುವಾಗ ಜೊತೆಗೆ ಹೋಗುವ ದಾಖಲೆ ಪತ್ರ) ಪ್ರತಿ ತನ್ನಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಸಾಮಾನ್ಯವಾಗಿ ತ್ಯಾಜ್ಯವನ್ನು 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಬಳಸಿದ ಎಣ್ಣೆಯ ಡ್ರಮ್ಮೂ ಇದರಲ್ಲಿ ಬರುತ್ತದೆ. ಸುಮ್ನೆ ಮೂಲೆಗೆ ತಳ್ಳಿಟ್ಟವರು ಇವತ್ತೇ ತಾರೀಖು ನೋಡಿಕೊಳ್ಳಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಚಹಾ, ಮಿರ್ಚಿಗೆ ಲೆಕ್ಕ ಹೇಳಬೇಕು.