ಫ್ಲೋರಿಡಾದ ಸಲಹೆ, ಪರಶ್ಶಿನಿಕಡವಿನ ಸಾಲು

ಮಾನ್ಯ ಸಂಪಾದಕರೇ,

ನಿಮ್ಮ ರಜಾ ಪುರವಣಿಯಲ್ಲಿ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗುವವರಿಗೆ ಅಂತ ಒಂದಷ್ಟು ಸಲಹೆಗಳು ಬಂದಿದ್ದವು. ಬೆಳಿಗ್ಗೆ ಬೇಗ ಹೋಗಿ, ದೊಡ್ಡ ರೈಡ್ ಮೊದಲು ಮುಗಿಸಿ, ಒಳಗೆ ಹೋದ ಕೂಡಲೇ ಎಡಕ್ಕೆ ತಿರುಗಿ, ಶಾಲಾ ರಜೆಯಲ್ಲಿ ಹೋಗಬೇಡಿ, ಹಗುರವಾದ ಹತ್ತಿ ಬಟ್ಟೆ ಹಾಕಿಕೊಳ್ಳಿ. ಓದಿ ನನಗೆ ನಗು ಬಂತು. ಯಾಕೆಂದರೆ ಗೈಡ್‌ಬುಕ್‌ಗಳಲ್ಲಿ ಬರುವ ಇಂಥ ಸಲಹೆಗಳನ್ನು ಒಂದೊಂದಾಗಿ ಹಿಡಿದು ಪರೀಕ್ಷೆ ಮಾಡುವುದೇ ಈ ವರ್ಷ ನಮ್ಮ ಕಾಲೇಜು ಪ್ರಾಜೆಕ್ಟ್. ನಾನು ಬದಿಯಡ್ಕದವಳು, ಡಿಗ್ರಿಯಲ್ಲಿ ಗಣಿತ ಓದುತ್ತಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಕೆಲವು ಸರಿ ಉಂಟು. ಕೆಲವು ನಮ್ಮ ಕಡೆಗೆ ಹೊಂದುವುದಿಲ್ಲ. ಒಂದಂತೂ ಗೇಟಿನ ಹತ್ತಿರವೇ ಜೇಬಿಗೆ ಕತ್ತರಿ ಹಾಕುತ್ತದೆ.

ಈ ಸಲಹೆಗಳು ಹೆಚ್ಚಾಗಿ ಅಮೆರಿಕದ ಗೈಡ್‌ಬುಕ್‌ಗಳಿಂದ ಇಳಿದು ಬಂದವು. ಫ್ಲೋರಿಡಾದಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ಶುರುವಾದದ್ದು 1971ರಲ್ಲಿ. ಈಗ ಅಲ್ಲಿ ನಾಲ್ಕು ಥೀಮ್ ಪಾರ್ಕುಗಳಿವೆ. ದೂರದೂರದಿಂದ ವಿಮಾನ ಹತ್ತಿ ಬಂದವರಿಗೆ ಒಂದು ಗಂಟೆ ಸಾಲಿನಲ್ಲಿ ಕಳೆದರೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಯಾವ ರೈಡ್ ಮೊದಲು, ಯಾವುದು ಆಮೇಲೆ ಅಂತ ಪುಸ್ತಕವೇ ಬರೆದುಕೊಡುತ್ತದೆ. ಇದು ಸುಮ್ನೆ ಮಾತಲ್ಲ, ಗಟ್ಟಿ ಗಣಿತ. ಹತ್ತು ರೈಡ್‌ಗಳನ್ನು ಎಷ್ಟು ಬಗೆಯ ಕ್ರಮದಲ್ಲಿ ಮುಗಿಸಬಹುದು ಹೇಳಿ ನೋಡೋಣ? 36,28,800. ಅದರಲ್ಲಿ ಕಡಿಮೆ ಹೊತ್ತು ಹಿಡಿಯುವುದು ಯಾವುದು ಅಂತ ಹುಡುಕಬೇಕು. ಮೇಲಿಂದ ಒಂಬತ್ತು ಗಂಟೆಯ ಸಾಲು ಹನ್ನೊಂದಕ್ಕೆ ಹಾಗೇ ಇರುವುದಿಲ್ಲ. ಊರೂರು ಸುತ್ತುವ ಸೇಲ್ಸ್‌ಮನ್ ಯಾವ ದಾರಿ ಹಿಡಿಯಬೇಕು ಅನ್ನುವ ಹಳೆಯ ಲೆಕ್ಕವೇ ಇದು, ಆದರೆ ಇಲ್ಲಿ ದಾರಿಯ ಉದ್ದ ಗಂಟೆಗಂಟೆಗೂ ಬದಲಾಗುತ್ತದೆ.

ನಮಗೆ ಲೈಬ್ರರಿಯಲ್ಲಿ ಸಿಕ್ಕಿದ ಗೈಡ್‌ಬುಕ್ ಸ್ವಲ್ಪ ಹಳೆಯದು. ಪುಕ್ಕಟೆ ಫಾಸ್ಟ್‌ಪಾಸ್ (ಉದ್ದ ಸಾಲು ತಪ್ಪಿಸಿ ಬೇಗ ಒಳಗೆ ಬಿಡುವ ಪಾಸು) ತೆಗೆದುಕೊಳ್ಳಲು ಮರೆಯಬೇಡಿ ಅಂತ ಅದರಲ್ಲಿ ಪುಟಗಟ್ಟಲೆ ಬರೆದಿದೆ. ಡಿಸ್ನಿಯವರು ಅದನ್ನು ಶುರು ಮಾಡಿದ್ದು 1999ರಲ್ಲಿ. 2021ರಿಂದ ಅದರ ಜಾಗಕ್ಕೆ ದುಡ್ಡು ಕೊಡುವ ಪದ್ಧತಿ ಬಂದಿದೆ. ಪುಸ್ತಕದ ಸಲಹೆಗೂ ಎಕ್ಸ್‌ಪೈರಿ ಡೇಟ್ ಇರುತ್ತದೆ, ಅಲ್ವಾ?

ನಾವು ಫ್ಲೋರಿಡಾಕ್ಕೆ ಹೋಗುವುದು ಎಲ್ಲಿಂದ? ನಾವು ಆರಿಸಿಕೊಂಡ ಪಾರ್ಕು ಪಕ್ಕದ ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನ ವಿಸ್ಮಯ. ಸಹಕಾರಿ ಸಂಘದವರು ನಡೆಸುವಂಥದ್ದು. ಆಮೇಲೆ ಬಿಡದಿಯ ವಂಡರ್‌ಲಾ. ಹೋಲಿಸಿ ನೋಡಲು ಅಲ್ಲಿಗೂ ಹೋದೆವು. ನಮ್ಮ ವಿಧಾನ ಸರಳ. ಎರಡು ಗುಂಪು, ಒಂದೇ ಗೇಟು, ಒಂದೇ ಹೊತ್ತು. ಒಂದು ಗುಂಪು ಪುಸ್ತಕ ಹೇಳಿದ ಹಾಗೆ ನಡೆಯಬೇಕು, ಇನ್ನೊಂದು ಮನಸ್ಸು ಬಂದ ಕಡೆಗೆ. ಡಿಸ್ನಿ ಪಾರ್ಕುಗಳಲ್ಲಿ ಸಾಲಿನ ಬಾಲದಲ್ಲಿ ನಿಂತವರ ಕೈಗೆ ಒಂದು ಕೆಂಪು ಕಾರ್ಡು ಕೊಟ್ಟು, ರೈಡಿನ ಬಾಗಿಲಲ್ಲಿ ವಾಪಸ್ ತೆಗೆದುಕೊಂಡು, ಕಾದ ಹೊತ್ತನ್ನು ಅಳೆಯುವ ಕ್ರಮ ಇತ್ತು. ನಾವೂ ಕೆಂಪು ರಟ್ಟು ಕತ್ತರಿಸಿ, ಹೊತ್ತು ಬರೆದು, ಸಾಲಿನ ಕೊನೆಯವರಿಗೆ ಕೊಟ್ಟೆವು. ಮುಂದೆ ನಿಂತ ನನ್ನ ಗೆಳತಿ ಅದನ್ನು ತೆಗೆದುಕೊಳ್ಳಬೇಕು. ಒಬ್ಬ ಅಜ್ಜ ಆ ರಟ್ಟನ್ನು ಟಿಕೆಟ್ ಅಂತ ತಿಳಿದು ಮಡಚಿ ಪಂಚೆಯ ಮಡಿಲಿಗೆ ಸೇರಿಸಿದರು. ಎಷ್ಟು ಕೇಳಿದರೂ ಕೊಡಲೇ ಇಲ್ಲ.

ಬೇಗ ಹೋಗಿ ಅನ್ನುವುದು ನೂರಕ್ಕೆ ನೂರು ನಿಜ. ಆದರೆ ಕಾರಣ ಬೇರೆ. ಪರಶ್ಶಿನಿಕಡವಿಗೆ ಬರುವ ಹೆಚ್ಚಿನ ಕುಟುಂಬಗಳು ಮೊದಲು ಹೋಗುವುದು ಮುತ್ತಪ್ಪನ ದೇವಸ್ಥಾನಕ್ಕೆ. ತೆಯ್ಯಂ (ದೈವದ ಕೋಲ) ನೋಡಿ, ಕೈಮುಗಿದು, ಪ್ರಸಾದದ ಬೇಯಿಸಿದ ಕಾಳು, ತೆಂಗಿನ ಚೂರು ತಿಂದು, ಚಹಾ ಕುಡಿದು, ಹೊಳೆಬದಿಯಲ್ಲಿ ಫೋಟೋ ತೆಗೆದು, ಮತ್ತೆ ನಿಧಾನಕ್ಕೆ ಪಾರ್ಕು. ಟೂರ್ ಬಸ್ಸಿನವರದ್ದೂ ಇದೇ ಕ್ರಮ. ಹಾಗಾಗಿ ಬಾಗಿಲು ತೆರೆದ ಮೊದಲ ಒಂದು ಗಂಟೆ ರೈಡ್‌ಗಳು ಖಾಲಿ ಹೊಡೆಯುತ್ತವೆ. ದರ್ಶನ ಮೊದಲೇ ಆಗಬೇಕು ಅನ್ನುವವರು ಹಿಂದಿನ ಸಂಜೆಯೇ ಮುಗಿಸಿಕೊಂಡರೆ ಒಳ್ಳೆಯದು. ಇದು ಯಾವ ಗೈಡ್‌ಬುಕ್‌ನಲ್ಲಿ ಬರುತ್ತದೆ, ಹೇಳಿ?

ಎಡಕ್ಕೆ ತಿರುಗಿ ಅನ್ನುವುದನ್ನು ಮಾತ್ರ ದಯವಿಟ್ಟು ಕೈಬಿಡಿ. ಜನ ತಾವಾಗಿಯೇ ಬಲಕ್ಕೆ ಹೋಗುತ್ತಾರೆ, ಆದ್ದರಿಂದ ಎಡಗಡೆ ಖಾಲಿ ಅನ್ನುವುದು ಅದರ ತರ್ಕ. ರಸ್ತೆಯ ಬಲಬದಿಯಲ್ಲಿ ಗಾಡಿ ಓಡಿಸುವ ದೇಶದ ಮಾತು ಅದು. ನಮ್ಮವರು ಎಡವನ್ನೂ ನೋಡುವುದಿಲ್ಲ, ಬಲವನ್ನೂ ನೋಡುವುದಿಲ್ಲ. ಎಲ್ಲಿ ಕಿರುಚಾಟ ಕೇಳುತ್ತದೋ ಅಲ್ಲಿಗೆ ಹೋಗುತ್ತಾರೆ. ಮಕ್ಕಳಿದ್ದರೆ ಮೊದಲು ನೀರು ಕಂಡ ಕಡೆಗೆ.

ಉದ್ದದ ಸಾಲು ಕಂಡರೆ ಬಿಟ್ಟು ಬೇರೆ ರೈಡಿಗೆ ಹೋಗಿ ಅನ್ನುವ ಗೈಡ್‌ಬುಕ್ ಸಲಹೆಯೂ ಅರ್ಧ ಸುಳ್ಳು. ಕಾಯುವ ಹೊತ್ತು ಅಂದರೆ ಸಾಲಿನಲ್ಲಿರುವ ಜನರನ್ನು ನಿಮಿಷಕ್ಕೆ ಎಷ್ಟು ಜನ ಹತ್ತುತ್ತಾರೋ ಅದರಿಂದ ಭಾಗಿಸಿದರೆ ಬರುವುದು. ಇದರ ಹಿಂದಿರುವ ನಿಯಮವನ್ನು 1961ರಲ್ಲಿ ಜಾನ್ ಲಿಟಲ್ ಗಣಿತದಲ್ಲಿ ಸಾಧಿಸಿ ತೋರಿಸಿದರು. ಸಾಲಿನಲ್ಲಿ ನಿಂತು ನೀವೇ ನೋಡಬಹುದು. 24 ಸೀಟಿನ ರೈಡ್, ಆರು ನಿಮಿಷಕ್ಕೊಂದು ಸುತ್ತು ಅಂತಿಟ್ಟುಕೊಳ್ಳಿ. ಅಂದರೆ ನಿಮಿಷಕ್ಕೆ ನಾಲ್ಕು ಜನ. ಮುಂದೆ ನೂರು ಜನ ಇದ್ದರೆ 25 ನಿಮಿಷ. ಪಕ್ಕದಲ್ಲಿ 40 ಜನರ ಸಣ್ಣ ಸಾಲು, ಆದರೆ ಒಂದು ಸಲಕ್ಕೆ ಇಬ್ಬರೇ, ಎರಡು ನಿಮಿಷಕ್ಕೊಮ್ಮೆ. ಅದು 40 ನಿಮಿಷ! ನಾವು ವಾಚ್ ಹಿಡಿದು ನಿಂತಾಗ ಕಂಡದ್ದು ಇನ್ನೊಂದು. ರೈಡ್ ತಿರುಗುವ ಹೊತ್ತಿಗಿಂತ ಜನರನ್ನು ಕೂರಿಸಿ, ಬೆಲ್ಟ್ ಬಿಗಿದು, ಒಂದೊಂದು ಬಾರನ್ನೂ ಎಳೆದು ನೋಡುವ ಹೊತ್ತು ಜಾಸ್ತಿ. ಅದನ್ನು ಯಾರೂ ಅವಸರ ಮಾಡಬಾರದು, ಬಿಡಿ. ಆದರೆ ಸೀರೆ ಸೆರಗು, ಚಪ್ಪಲಿ, ಮೊಬೈಲು ಸರಿ ಮಾಡಿಕೊಳ್ಳುವ ಕೆಲಸವನ್ನು ಸಾಲಿನಲ್ಲೇ ಮುಗಿಸಿದರೆ ಹಿಂದಿನವರೆಲ್ಲ ಬದುಕಿಕೊಳ್ಳುತ್ತಾರೆ.

ಇನ್ನು ಹತ್ತಿ ಬಟ್ಟೆಯ ವಿಷಯ. ಮಾರಾಯ್ರೆ, ಇದನ್ನು ಯಾರು ಬರೆದದ್ದು? ನಮ್ಮ ಕಡೆಯ ಹೆಚ್ಚಿನ ವಾಟರ್ ಪಾರ್ಕುಗಳಲ್ಲಿ ಹತ್ತಿ ಬಟ್ಟೆ ತೊಟ್ಟವರನ್ನು ಪೂಲಿಗೆ ಇಳಿಸುವುದೇ ಇಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು. ಹತ್ತಿಯ ನೂಲು ಬಿಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಬಣ್ಣವೂ ಬಿಡುತ್ತದೆ. ಒಂದು ಪಾರ್ಕಿನಲ್ಲಿ ಕಾಟನ್ ಚೂಡಿದಾರ ಹಾಕಿಕೊಂಡು ಬಂದ ಒಬ್ಬ ಅಮ್ಮ, ಮಗಳು ನೀರಿಗಿಳಿಯುವುದನ್ನು ದಂಡೆಯಿಂದಲೇ ನೋಡುತ್ತಾ ಕೂತಿದ್ದರು. ಕೊನೆಗೆ ಎದ್ದು ಅಂಗಡಿಗೆ ಹೋಗಿ, ರೇಟು ಕೇಳಿ, ವಾಪಸ್ ಬಂದು ಕೂತರು. ಇನ್ನೂ ಒಂದು ಸಲ ಹೋಗಿ ಕೊಂಡೇಬಿಟ್ಟರು. ಪೇಟೆಯಿಂದ ಮೊದಲೇ ತಂದಿದ್ದರೆ ಅಷ್ಟು ಕೊಡಬೇಕಾಗಿರಲಿಲ್ಲ.

ಅಲ್ಲೇ ಇನ್ನೊಂದು ಸಂಗತಿಯೂ ಗಮನಕ್ಕೆ ಬಂತು. ನಮ್ಮ ಪ್ರಾಜೆಕ್ಟಿನ ಮುಖ್ಯ ಫಲಿತಾಂಶವೇ ಇದು ಅನ್ನಬಹುದು. ಗೈಡ್‌ಬುಕ್ ರೈಡ್‌ಗಳ ಸಾಲನ್ನು ಮಾತ್ರ ಎಣಿಸುತ್ತದೆ. ನಮ್ಮಲ್ಲಿ ದಿನ ತಿನ್ನುವ ಸಾಲುಗಳು ಎರಡೇ: ಲಾಕರ್ ಮತ್ತು ಬಟ್ಟೆ ಬದಲಿಸುವ ಕೋಣೆ. ಹೆಂಗಸರ ಕಡೆ ಕೇಳುವುದೇ ಬೇಡ. ಒದ್ದೆ ಕೂದಲು, ಅಳುವ ಮಗು, ಒಣಗಿದ ಬಟ್ಟೆ ಕೆಳಗೆ ಬೀಳದ ಹಾಗೆ ಕುತ್ತಿಗೆಗೆ ಸುತ್ತಿಕೊಂಡ ಅಕ್ಕಂದಿರು, ಒಳಗಿನಿಂದ "ಒಂದು ನಿಮಿಷ, ಒಂದು ನಿಮಿಷ" ಅನ್ನುವ ದನಿ. ಜನ ಹೆಚ್ಚು ಬರುವ ರೈಡ್ ಮೊದಲು ಅನ್ನುವ ಪುಸ್ತಕದ ಕ್ರಮ ಹಿಡಿದ ಗುಂಪು ಒಣ ರೈಡ್, ನೀರಿನ ರೈಡ್, ಮತ್ತೆ ಒಣ ರೈಡ್ ಅಂತ ಓಡಾಡಿತು. ಪ್ರತಿ ಸಲವೂ ಬಟ್ಟೆ ಬದಲು. ರೈಡ್ ಸಾಲಿನಲ್ಲಿ ಉಳಿಸಿದ್ದನ್ನೆಲ್ಲ ಕೋಣೆಯ ಬಾಗಿಲಲ್ಲಿ ಕಳೆದುಕೊಂಡರು. ಮನಸ್ಸು ಬಂದ ಹಾಗೆ ಹೋದ ಗುಂಪು ಸೋಮಾರಿತನಕ್ಕೆ ಬೆಳಿಗ್ಗೆ ಎಲ್ಲಾ ಒಣ ರೈಡ್ ಮುಗಿಸಿ, ಊಟ ಆದ ಮೇಲೆ ಒಮ್ಮೆ ನೀರಿಗಿಳಿದದ್ದು ಮತ್ತೆ ಮೇಲೆ ಬರಲೇ ಇಲ್ಲ. ಅವರೇ ಗೆದ್ದರು. ಫ್ಲೋರಿಡಾದ ಪುಸ್ತಕಕ್ಕೆ ಈ ತಲೆಬಿಸಿ ಇಲ್ಲ. ಅಲ್ಲಿ ಡಿಸ್ನಿಯವರ ವಾಟರ್ ಪಾರ್ಕುಗಳು ಬೇರೆಯೇ ಇವೆ, ಅವಕ್ಕೆ ಟಿಕೆಟ್ಟೂ ಬೇರೆ.

ಶಾಲಾ ರಜೆಯಲ್ಲಿ ಹೋಗಬೇಡಿ ಅಂದಿರಿ. ಯಾವ ರಾಜ್ಯದ ರಜೆ? ಗಡಿಯಲ್ಲಿ ಕೂತವರಿಗೆ ಇದೊಂದು ಲಾಭ. ನನ್ನ ಚಿಕ್ಕಮ್ಮನ ಮಕ್ಕಳು ವಿಟ್ಲದಲ್ಲಿ ಓದುತ್ತಾರೆ. ಅವರಿಗೆ ದಸರಾ ರಜೆ ವಾರಗಟ್ಟಲೆ. ಆಗ ಕೇರಳದ ಶಾಲೆಗಳಿಗೆ ಪೂಜೆಯ ಎರಡು ಮೂರು ದಿನ ಬಿಟ್ಟರೆ ಪಾಠ ನಡೆಯುತ್ತಲೇ ಇರುತ್ತದೆ. ಅವರನ್ನು ಆಗ ಕಣ್ಣೂರಿಗೆ ಕರೆದುಕೊಂಡು ಹೋದರೆ ಪಾರ್ಕು ಆರಾಮ. ನಮಗೆ ಓಣಂ ರಜೆ ಬಂದಾಗ ಇಡೀ ಮಲಬಾರು ಅಲ್ಲೇ ಇರುತ್ತದೆ, ಆಗ ಬಿಡದಿಯ ಕಡೆಗೆ ರೈಲು ಹತ್ತಬಹುದು. ನವೆಂಬರ್‌ನಿಂದ ಜನವರಿವರೆಗೆ ಮಾತ್ರ ಎರಡೂ ಕಡೆ ಶಾಲಾ ಪ್ರವಾಸದ ಕಾಲ. ವಾರದ ನಡುವೆ ಹೋದರೆ ಜನ ಕಡಿಮೆ ಅನ್ನುವ ಸಲಹೆಯನ್ನು ಆಗ ನಂಬಬೇಡಿ. ಗೇಟಿನಲ್ಲಿ ಯೂನಿಫಾರ್ಮಿನ ಸಮುದ್ರವೇ ಇರುತ್ತದೆ.

ಒಬ್ಬರೇ ಹೋಗುವವರಿಗೆ ಬೇರೆ ಸಾಲು ಅಂತ ಅಮೆರಿಕದ ಕೆಲವು ರೈಡ್‌ಗಳಲ್ಲಿ ಉಂಟು. ನಾವು ಸುತ್ತಿದ ಕಡೆ ಅಂಥ ಬೋರ್ಡು ಕಾಣಲಿಲ್ಲ. ಆದರೆ ಕಣ್ಣೂರಿನಲ್ಲಿ ಒಂದು ಸೀಟು ಉಳಿದಾಗ ರೈಡ್ ನಡೆಸುವ ಅಣ್ಣ "ಒರಾಳ್, ಒರಾಳ್" (ಮಲಯಾಳದಲ್ಲಿ ಒಬ್ಬರು) ಅಂತ ಕೂಗುತ್ತಾನೆ. ಒಟ್ಟಿಗೇ ಕೂರಬೇಕು ಅನ್ನುವ ಕುಟುಂಬಗಳಲ್ಲಿ ಯಾರೂ ಅಲ್ಲಾಡುವುದಿಲ್ಲ. ಕೈ ಎತ್ತಿದವರಿಗೆ ಸೀಟು. ನನ್ನ ಗೆಳತಿ ಹೀಗೆಯೇ ಇಡೀ ದಿನ ಮೆರೆದಳು.

ನನ್ನ ಕೋರಿಕೆ ಇಷ್ಟೇ. ಮುಂದಿನ ರಜಾ ಪುರವಣಿಯಲ್ಲಿ ಬೇರೆ ದೇಶದ ಪಟ್ಟಿ ಬೇಡ. ಎರಡೂ ರಾಜ್ಯಗಳ ಶಾಲಾ ರಜೆ ಪಕ್ಕಪಕ್ಕದಲ್ಲಿ ಹಾಕಿ. ಪೂಲಿಗೆ ಯಾವ ಬಟ್ಟೆ ನಡೆಯುತ್ತದೆ ಅಂತ ಪಾರ್ಕಿನವರಿಗೆ ಫೋನ್ ಮಾಡಿ ಕೇಳಿ ಬರೆಯಿರಿ. ದೊಡ್ಡ ರೈಡ್‌ಗಳಿಗೆ ಮಕ್ಕಳ ಎತ್ತರ ಎಷ್ಟಿರಬೇಕು ಅಂತಲೂ ಹಾಕಿ. ಮನೆಯ ಗೋಡೆಯಲ್ಲೇ ಅಳೆದುಕೊಂಡು ಹೋದರೆ, ಅಷ್ಟು ಹೊತ್ತು ಕಾದು ಅಳತೆ ಕೋಲಿನ ಮುಂದೆ ತುದಿಗಾಲಲ್ಲಿ ನಿಲ್ಲುವ ಮಗುವನ್ನು ಎಳೆದುಕೊಂಡು ವಾಪಸ್ ಬರುವುದು ತಪ್ಪುತ್ತದೆ. ನಮ್ಮ ಲೆಕ್ಕದ ಕೋಷ್ಟಕಗಳೆಲ್ಲ ಇಂಗ್ಲಿಷಿನಲ್ಲಿವೆ. ವೈವಾ ಮುಗಿದ ಮೇಲೆ ಕನ್ನಡದಲ್ಲಿ ಬರೆದು ಕಳಿಸಿಕೊಡುತ್ತೇನೆ, ಓಣಂಗೆ ಮೊದಲು ಹಾಕುವುದಾದರೆ.

ಇತಿ,
ಒಬ್ಬಳು ಗಣಿತ ವಿದ್ಯಾರ್ಥಿನಿ
ಬದಿಯಡ್ಕ, ಕಾಸರಗೋಡು