ಗವಿಯ ಬಾಯಿ ಸಿಕ್ಕಿತು, ಎಲ್ಲರಿಗೂ ಕೈಮುಗಿದೆ

ಮೊನ್ನೆ ಅಮಾವಾಸ್ಯೆ ಸಂಜೆ ನಮ್ಮ ಬೀದಿಯ ಗವಿಯೊಳಗೆ ದೀಪ ಹಚ್ಚಿದೆವು. ನಮ್ಮತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಲೇ ಆ ಗವಿಯ ಬಾಯಿ ಮುಚ್ಚಿಹೋಗಿತ್ತು. ಅದನ್ನು ಹುಡುಕುವುದಕ್ಕೆ ಮೂರು ವರ್ಷ ಬೇಕಾಯಿತು. ಎಲ್ಲ ನಾನೊಬ್ಬಳೇ ಮಾಡಿದೆ ಅನ್ನೋ ಹಾಗೆ ಕೆಲವರು ಮಾತಾಡುತ್ತಿದ್ದಾರೆ. ಅದು ನಿಜ ಅಲ್ಲ. ಅದಕ್ಕೇ ಕೂತು ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂತ ಬಹಳ ಜನ ಹೇಳಿದ್ದಾರೆ. ಹಾಕಿಲ್ಲ. ಓದಿದರೆ ಯಾರು ಅಂತ ಅವರವರಿಗೆ ತಿಳಿಯುತ್ತದೆ.

ಚಿತ್ರದುರ್ಗದ ಹಳೇ ಪೇಟೆಯಲ್ಲಿ, ಕೋಟೆ ಬೆಟ್ಟದ ಬುಡಕ್ಕೆ ನಮ್ಮ ಬೀದಿ. ಅತ್ತೆ ಪ್ರತಿ ಅಮಾವಾಸ್ಯೆ ಬೀದಿ ಮೂಲೆಯ ಒಂದು ಕಲ್ಲಿನ ಮುಂದೆ ಹಣತೆ ಇಡುತ್ತಿದ್ದರು. "ಗವಿಯಪ್ಪ ಒಳಗಿದಾನೆ ಕಣವ್ವಾ, ಬಾಗಿಲು ಮುಚ್ಚಿದಾರೆ ಅಷ್ಟೇ" ಅನ್ನೋರು. ಅವರಿಗೆ ಅವರ ಅತ್ತೆ ಹೇಳಿದ್ದ ಮಾತು ಅದು. ಪ್ಲೇಗು ಬಂದಾಗ ಊರಿನವರೆಲ್ಲ ಬಯಲಿಗೆ ಹೋಗಿ ಗುಡಿಸಲು ಹಾಕಿಕೊಂಡಿದ್ದರಂತೆ. ಹೋಗುವ ಮುಂಚೆ ಹಿತ್ತಾಳೆ ಪಾತ್ರೆ, ಜೋಳದ ಚೀಲ ಎಲ್ಲವನ್ನೂ ಗವಿಯಲ್ಲಿಟ್ಟು ಕಲ್ಲು ಮುಚ್ಚಿದ್ದರಂತೆ. ಮೈಸೂರು ಸೀಮೆಗೆ ಪ್ಲೇಗು ಬಂದಿದ್ದು 1898ರಲ್ಲಿ. ಈ ಕಥೆ ಎಷ್ಟು ಕೈ ದಾಟಿ ನನ್ನ ತನಕ ಬಂದಿದೆ ನೋಡಿ.

ಮೊದಲು ಕ್ಷಮೆ ಕೇಳಬೇಕಾದ ಮನೆಗೇ ಮೊದಲ ವಂದನೆ. ಅತ್ತೆ ದೀಪ ಇಡುತ್ತಿದ್ದ ಕಲ್ಲಿನ ಹಿಂದೆ ಒಬ್ಬ ಅಣ್ಣನವರ ಬಚ್ಚಲುಮನೆ ಇತ್ತು. ಗವಿಯ ಬಾಯಿ ಆ ಗೋಡೆಯ ಹಿಂದೆಯೇ ಇರಬೇಕು ಅಂತ ನಾನು ಹಟ ಹಿಡಿದೆ. ಅವರು "ಒಡೀರಿ, ಏನಾಗುತ್ತೆ ನೋಡೋಣ" ಅಂದರು. ಹುಡುಗರು ಹಾರೆ ಹಾಕಿದರು. ಗೋಡೆಯ ಹಿಂದೆ ಸಿಕ್ಕಿದ್ದು ಅಖಂಡ ಬಂಡೆ. ಅದೇ ರಾತ್ರಿ ಮಳೆ ಬಂತು. ಉಳಿದ ಗೋಡೆಯೂ ಕುಸಿಯಿತು. ಆ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ಆಗ ಹದಿಮೂರು ದಿನ. ಬಾಣಂತಿಗೆ ಎರೆಯೋಕೆ ಬಚ್ಚಲಿಲ್ಲದ ಹಾಗೆ ಮಾಡಿದವಳು ನಾನು.

ಎದುರುಮನೆ ಚಾಚಿ ಬೆಳಗ್ಗೆ ಐದಕ್ಕೇ ಎದ್ದು ತಮ್ಮ ಹಂಡೆಗೆ ಉರಿ ಹಾಕುತ್ತಿದ್ದರು. ತಾಯಿ ಮಗು ಇಬ್ಬರಿಗೂ ಅಲ್ಲೇ ಎಣ್ಣೆ ನೀರು. ಗೋಡೆ ಮತ್ತೆ ಎದ್ದು ನಿಲ್ಲುವ ತನಕ, 22 ದಿನ, ಒಂದು ದಿನವೂ ತಪ್ಪಲಿಲ್ಲ. ನಾನು ಸೌದೆ ತಂದುಕೊಟ್ಟರೆ ವಾಪಸ್ ಕಳಿಸಿದರು. ಚಾಚೀ, ಆ ಸೌದೆ ಇನ್ನೂ ನನ್ನ ಹಿತ್ತಲಲ್ಲಿದೆ. ನೋಡಿದಾಗೆಲ್ಲ ನಿಮ್ಮ ನೆನಪಾಗುತ್ತದೆ.

ಆಮೇಲೆ ಒಂದು ವರ್ಷ ಗವಿ ಸುದ್ದಿಯನ್ನೇ ನಾನು ಎತ್ತಲಿಲ್ಲ. ಆ ವರ್ಷವೇ ಅತ್ತೆ ತೀರಿಕೊಂಡರು. ತಿಥಿಯ ದಿನ ಅದೇ ಅಣ್ಣನವರು ಒಂದು ಹಳೇ ಟ್ರಂಕು ಹೊತ್ತು ತಂದರು. "ನೀನು ಜೆರಾಕ್ಸ್ ಅಂಗಡಿಯವಳು, ಕಾಗದ ಓದೋಕೆ ಬರುತ್ತೆ. ನೋಡಮ್ಮ" ಅಂತ ಒಳಗಿದ್ದ ಕ್ರಯಪತ್ರ ಕೊಟ್ಟರು. ಅವರ ಮುತ್ತಜ್ಜ ಮನೆ ಕೊಂಡ ಪತ್ರ. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು. ನೋಂದಣಿ ಕಚೇರಿ ಎದುರು ಹತ್ತೊಂಬತ್ತು ವರ್ಷದಿಂದ ಕ್ರಯಪತ್ರ ಜೆರಾಕ್ಸ್ ಮಾಡುತ್ತಿದ್ದೇನೆ. ಕಣ್ಣು ಸೀದಾ ಚಕ್ಕುಬಂದಿಗೆ, ಅಂದರೆ ಜಾಗದ ನಾಲ್ಕು ದಿಕ್ಕಿನ ಗಡಿ ಬರೆದ ಸಾಲಿಗೆ ಹೋಯಿತು. ದಕ್ಷಿಣಕ್ಕೆ, "ಗವಿ ಬಾಗಿಲು ಮತ್ತು ಓಣಿ" ಅಂತ ಇತ್ತು. ನನ್ನ ಕೈ ನಡುಗಿದ್ದು ಸುಳ್ಳಲ್ಲ.

ಆದರೆ ಆ ಮನೆ ಅಣ್ಣತಮ್ಮಂದಿರಲ್ಲಿ ಮೂರು ಪಾಲಾಗಿದೆ. ಹಳೇ ದಕ್ಷಿಣ ಗಡಿ ಈಗ ಎರಡು ಮನೆ ಆಚೆ. ರಸ್ತೆ ಅಗಲ ಮಾಡಿದಾಗ ದೀಪದ ಕಲ್ಲನ್ನು ಎತ್ತಿ ಮೂಲೆಗೆ ಇಟ್ಟಿದ್ದು ಅಂತ ಹಿಂದಿನ ಬೀದಿಯ ಅಜ್ಜ ಒಬ್ಬರು ಹೇಳಿದರು. ಅದನ್ನು ಮೊದಲೇ ಕೇಳಬೇಕಿತ್ತು, ಅಲ್ವಾ?

ಆ ದಕ್ಷಿಣದ ಮನೆಯ ಅಕ್ಕ ಧನುರ್ಮಾಸದಲ್ಲಿ ನಸುಕಿಗೇ ರಂಗೋಲಿ ಹಾಕುತ್ತಾರೆ. ನಾನು ಚಕ್ಕುಬಂದಿ ವಿಷಯ ಹೇಳುತ್ತಿದ್ದಂತೆ ಅವರು ಜಗಲಿ ಪಕ್ಕದ ಒಂದು ಸಂದು ತೋರಿಸಿದರು. "ಇಲ್ಲಿ ರಂಗೋಲಿ ಗೆರೆ ನಿಲ್ಲೋದೇ ಇಲ್ಲ. ಚಳೀಲಿ ಹಬೆ ಬರುತ್ತೆ, ಪುಡಿ ಒದ್ದೆಯಾಗುತ್ತೆ" ಅಂದರು. ಇಷ್ಟು ವರ್ಷ ಸುಮ್ನೆ ಮೋರಿಯ ಹಬೆ ಅಂದುಕೊಂಡಿದ್ದರಂತೆ. ಮಾರನೇ ದಿನ ನಸುಕಿಗೇ ಹೋಗಿ ಊದುಬತ್ತಿ ಹಿಡಿದೆವು. ಹೊಗೆ ಸಂದಿನಿಂದ ಹಿಂದಕ್ಕೆ ತಳ್ಳಿಕೊಂಡು ಬಂತು.

ಇದರ ಕಾರಣ ಹೇಳಿದವರು ಭೂಗರ್ಭಶಾಸ್ತ್ರ ಪಾಠ ಮಾಡುವ ಒಬ್ಬ ಮೇಷ್ಟ್ರು. ನೆಲದ ಒಳಗಿನ ಗಾಳಿ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಬಿಸಿ. ಹೊರಗೆ ಚಳಿ ಇದ್ದಾಗ ಒಳಗಿನ ಬೆಚ್ಚನೆ ಗಾಳಿ ಮೇಲೆದ್ದು ಬರುತ್ತದೆ, ಅದರ ತೇವ ಹಬೆಯಾಗಿ ಕಾಣುತ್ತದೆ. ಊರ ಪಕ್ಕದ ಚಂದ್ರವಳ್ಳಿ ಕಣಿವೆಗೆ ಸುರಂಗ ಹೋಗುತ್ತಾ ಅಂತಲೂ ಅವರನ್ನೇ ಕೇಳಿದೆ. ನಮ್ಮೂರಲ್ಲಿ ಯಾವ ಗವಿ ಅಂದರೂ ಈ ಮಾತು ಬಂದೇ ಬರುತ್ತದೆ. ಚಂದ್ರವಳ್ಳಿಯ ಅಂಕಲಿ ಮಠದ ಗವಿಯೊಳಗೆ ಟಾರ್ಚ್ ಹಿಡಿದು ಇಳಿದು ಬಂದವರಿಗೆ ನಂಬದೇ ಇರೋದು ಕಷ್ಟ. ಮೇಷ್ಟ್ರು ಸಮಾಧಾನವಾಗಿ ವಿವರಿಸಿದರು. ಕೋಟೆ ಬೆಟ್ಟದ್ದು ಸುಮಾರು 260 ಕೋಟಿ ವರ್ಷ ಹಳೆಯ ಗ್ರಾನೈಟ್. ಸುಣ್ಣದಕಲ್ಲಿನ ಹಾಗೆ ನೀರಿಗೆ ಕರಗಿ ಉದ್ದುದ್ದ ಗುಹೆ ಆಗುವ ಕಲ್ಲಲ್ಲ. ಬಿರುಕಿನಲ್ಲಿ ನೀರು ಇಳಿದು ಕಲ್ಲು ಸವೆದು, ಮಣ್ಣು ಕೊಚ್ಚಿಹೋಗಿ, ಗುಂಡುಗಳು ಒಂದಕ್ಕೊಂದು ಒರಗಿ ನಿಂತ ಜಾಗವೇ ಇಲ್ಲಿ ಗವಿ. "ಚಿಕ್ಕದೇ ಇರುತ್ತೆ, ಬೇಜಾರು ಮಾಡ್ಕೋಬೇಡಿ" ಅಂತ ಮುಂಚೆಯೇ ಹೇಳಿದ್ದರು. ಉಪಕಾರವಾಯಿತು ಸಾರ್.

ಕಲ್ಲು ಕೆಲಸದ ತಾತ ಒಬ್ಬರು ಸುತ್ತಿಗೆ ಹಿಡಿದು ಜಗಲಿ ಪಕ್ಕದ ಚಪ್ಪಡಿಗಳನ್ನು ಒಂದೊಂದೇ ತಟ್ಟಿದರು. ಉಳಿದವು ಠಣ್ ಅಂದವು. ಒಂದು ಮಾತ್ರ ಡಬ್ ಅಂತು. ಉಳಿ ಗುರುತು ಸವರಿ ನೋಡಿ, "ಇದು ಕೋಟೆ ಕಾಲದ ಕೆಲಸ ಅಲ್ಲ. ಮನೆ ಕಟ್ಟೋರು ಆಮೇಲೆ ಮುಚ್ಚಿದ ಕಲ್ಲು" ಅಂದರು. ಕೂಲಿ ಕೇಳಲಿಲ್ಲ. ಒಂದು ಪೊಟ್ಟಣ ಮಂಡಕ್ಕಿ, ನಾಲ್ಕು ಮೆಣಸಿನಕಾಯಿ ಬೋಂಡ ತಿಂದು ಹೋದರು.

ಆವತ್ತೇ ಕಲ್ಲು ಎತ್ತಿಬಿಡೋಣ ಅಂತ ಎಲ್ಲರಿಗೂ ಅವಸರ. ತಡೆದವರು ನಿವೃತ್ತ ಸರ್ವೇಯರ್ ಒಬ್ಬರು. ಕೋಟೆ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಜಾಗ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕಾದ ಜಾಗ. ಟೇಪು ಹಿಡಿದು ಅಳತೆ ಮಾಡಿ, ಅರ್ಜಿ ಬರೆಸಿ, ನಕಾಶೆ ಹಾಕಿಕೊಟ್ಟವರು ಅವರೇ. ಎಂಟು ತಿಂಗಳು ಕಾದೆವು. ಆಗ ಅವರ ಮೇಲೆ ನನಗೆ ಸಿಟ್ಟಿತ್ತು. ಎದುರು ಸಿಕ್ಕರೂ ಮಾತಾಡಿಸಿರಲಿಲ್ಲ. ಸಾರ್, ತಪ್ಪಾಯಿತು. ಪರಿಶೀಲನೆಗೆ ಬಂದ ಅಧಿಕಾರಿ ಹೇಳಿದ ಮೇಲೇ ನನಗೆ ಅರ್ಥವಾಗಿದ್ದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯಲ್ಲಿ ಅಗೆಸಿದಾಗ ಮಣ್ಣನ್ನು ಪದರ ಪದರವಾಗಿ ಬಿಡಿಸಿದ್ದರಂತೆ. ಶಾತವಾಹನರ ನಾಣ್ಯ, ರೋಮಿನ ಬೆಳ್ಳಿ ನಾಣ್ಯ ಸಿಕ್ಕ ಜಾಗ ಅದು. ಯಾವ ನಾಣ್ಯ ಯಾವ ಪದರದಲ್ಲಿತ್ತು ಅನ್ನೋದರಿಂದಲೇ ಕಾಲ ಗೊತ್ತಾಗೋದು. ನಾವು ಅವಸರದಲ್ಲಿ ಬುಟ್ಟಿಗಟ್ಟಲೆ ಮಣ್ಣು ಚೆಲ್ಲಿದ್ದರೆ ಇದ್ದ ಗುರುತೂ ಅಳಿದುಹೋಗುತ್ತಿತ್ತು.

ಇನ್ನು, ನಮ್ಮ ಬೀದಿಯ ಚರಂಡಿ ನೋಡಿಕೊಳ್ಳುವ ಪೌರಕಾರ್ಮಿಕ ಅಣ್ಣ. ಇವರ ಬಗ್ಗೆ ಎಷ್ಟು ಬರೆದರೂ ಸಾಲದು. ಮಳೆ ನೀರನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿಕೊಂಡು ಬಾಳಿದ ಊರು ನಮ್ಮದು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ. ನಮ್ಮ ಬೀದಿಯ ನೀರು ಎಲ್ಲಿ ಹೋಗುತ್ತದೆ ಅಂತ ಗೊತ್ತಿದ್ದವರು ಇವರೊಬ್ಬರೇ. "ಆ ಅಕ್ಕನ ಮನೆ ಮುಂದಿನ ಚರಂಡಿ ಎಂಥ ಮಳೆಗೂ ತುಂಬಲ್ಲಮ್ಮ, ಒಳಗೆಲ್ಲೋ ಇಳಿಯುತ್ತೆ" ಅಂತ ಮೊದಲ ವರ್ಷವೇ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಲ್ಲು ಎತ್ತಿದ ದಿನ ಇಲಾಖೆಯವರು ಇದ್ದರು. ಚೈನ್ ಬ್ಲಾಕ್ ಕಟ್ಟಿ ಚಪ್ಪಡಿ ಸರಿಸಿದೆವು. ಕೆಳಗೆ ಕತ್ತಲು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದರೆ ಚೆನ್ನಾಗಿ ಉರಿಯಿತು. ಇಬ್ಬರು ಹುಡುಗರು ಅಂಗಿ ಬಿಚ್ಚಿ ಇಳಿಯೋಕೆ ಕೂತೇಬಿಟ್ಟರು. ಪೌರಕಾರ್ಮಿಕ ಅಣ್ಣ ಅಡ್ಡ ಬಂದು ಇಬ್ಬರ ತೋಳನ್ನೂ ಗಟ್ಟಿಯಾಗಿ ಹಿಡಿದರು. "ದೀಪ ಉರೀತು ಅಂತ ನಂಬಬೇಡ್ರಪ್ಪ. ಚರಂಡಿ ನೀರು ಇಳಿದಿರೋ ಜಾಗ. ವಿಷಗಾಳಿ ದೀಪಾನ ಆರಿಸಲ್ಲ, ಮನುಷ್ಯನ್ನ ಆರಿಸುತ್ತೆ" ಅಂದರು. ಮ್ಯಾನ್‌ಹೋಲಿಗೆ ಇಳಿದು ಮೇಲೆ ಬಾರದವರನ್ನು ಕಣ್ಣಾರೆ ಕಂಡವರು ಅವರು. ಯಾರೂ ಎದುರು ಮಾತಾಡಲಿಲ್ಲ. ಎರಡು ದಿನ ಬಾಯಿ ತೆರೆದಿಟ್ಟು, ಅಗ್ನಿಶಾಮಕ ಠಾಣೆಯವರು ಮೀಟರ್ ಇಳಿಸಿ ಗಾಳಿ ನೋಡಿದ ಮೇಲೇ ಒಳಗೆ ಕಾಲಿಟ್ಟಿದ್ದು. ಆ ಹುಡುಗರಲ್ಲಿ ಒಬ್ಬ ನನ್ನ ಮಗ.

ಒಳಗೆ ಸುರಂಗ ಇಲ್ಲ. ಉದ್ದ ಇಪ್ಪತ್ತೆರಡು ಅಡಿ. ಎರಡು ದೊಡ್ಡ ಗುಂಡು ಒರಗಿ ನಿಂತಿವೆ, ನಡುವೆ ಏಳೆಂಟು ಜನ ಕೂರುವಷ್ಟು ಜಾಗ. ಬಲಗಡೆ ಬಂಡೆಯಲ್ಲಿ ಕೊರೆದ ದೀಪದ ಗೂಡು, ಅದರ ಮೇಲೆ ದಪ್ಪ ಮಸಿ. ನೆಲದಲ್ಲಿ ಅರ್ಧ ಬೀಸುಕಲ್ಲು. ಜರಡಿ ಹಿಡಿದ ಮಣ್ಣಿನಲ್ಲಿ ಒಡೆದ ಹಣತೆಗಳು ಬಹಳ ಸಿಕ್ಕವು. ಎಲ್ಲವನ್ನೂ ಇಲಾಖೆಯವರು ಗುರುತು ಹಾಕಿ ಒಯ್ದಿದ್ದಾರೆ. ಹಿಂದಿನ ಸಂದಿನಲ್ಲಿ ಬಾವಲಿಗಳಿವೆ, ಅವುಗಳ ಪಾಡಿಗೆ ಬಿಟ್ಟಿದ್ದೇವೆ. ಆ ಮಸಿ ನೋಡಿದಾಗ ಅತ್ತೆ ಇರಬೇಕಿತ್ತು ಅನ್ನಿಸಿ ಅತ್ತುಬಿಟ್ಟೆ.

ಅಮಾವಾಸ್ಯೆ ದಿನ ಮೊದಲು ಯಾರು ಇಳಿಯಬೇಕು ಅಂತ ಮಾತು ಬಂದಾಗ ಬೀದಿಯ ಹೆಂಗಸರೆಲ್ಲ ಪೌರಕಾರ್ಮಿಕ ಅಣ್ಣನ ಕಡೆಗೇ ತಿರುಗಿದರು. ಮೊದಲ ಹಣತೆ ಅವರೇ ಹಚ್ಚಿದರು. ಎಣ್ಣೆ ಚಾಚಿ ಮನೆಯದು. ಆವತ್ತು ಹದಿಮೂರು ದಿನದ ಕೂಸಾಗಿದ್ದ ಮಗು ಈಗ ಓಡಾಡುತ್ತದೆ. ಅಮ್ಮನ ಸೊಂಟದ ಮೇಲೆ ಕೂತು ದೀಪ ನೋಡಿ ಚಪ್ಪಾಳೆ ಹೊಡೆಯಿತು.

ಬಾಯಿಗೆ ಈಗ ಕಬ್ಬಿಣದ ಜಾಲರಿ ಇದೆ. ಬೀಗದ ಕೈ ರಂಗೋಲಿ ಅಕ್ಕನ ಹತ್ತಿರ. ಮುಂದಿನ ಅಮಾವಾಸ್ಯೆ ಎಣ್ಣೆ ನಮ್ಮನೆಯದು.

ಹಳೇ ಪೇಟೆಯಲ್ಲಿ ಯಾರ ಮನೆಯಲ್ಲಾದರೂ ಅಜ್ಜನ ಕಾಲದ ಕ್ರಯಪತ್ರ ಇದ್ದರೆ ದಯವಿಟ್ಟು ಚಕ್ಕುಬಂದಿ ಓದಿ ನೋಡಿ. ಓದೋಕೆ ಬರದಿದ್ದರೆ ನನ್ನ ಅಂಗಡಿಗೆ ತನ್ನಿ. ಮಡಿಕೆ ಬಿಡಿಸುವಾಗ ಹರಿಯದ ಹಾಗೆ ನಾನೇ ಬಿಡಿಸಿ ಓದಿಕೊಡುತ್ತೇನೆ. ಜೆರಾಕ್ಸಿಗೆ ದುಡ್ಡು ಬೇಡ.